ಗ್ರೂಪಿಗೆ ಲಿಂಕ್ ಹಾಕಿ ಕೂತರೆ ದೇಣಿಗೆ ಬರುವುದಿಲ್ಲ

ಪ್ರಶ್ನೆ: ಕರ್ನಾಟಕದಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಎಸ್ ಮಾಡಿದೆ. ಈಗ ಶಿಕಾಗೋದಲ್ಲಿ ಕೆಲಸ. ನಮ್ಮ ಯೂನಿವರ್ಸಿಟಿ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಂದು ದಿನ 'ಡೇ ಆಫ್ ಗಿವಿಂಗ್' ನಡೆಸುತ್ತದೆ. ಗೆಳೆಯರಿಗೆ ಹೇಳಿ ದೇಣಿಗೆ ಕೊಡಿಸುವ ಸ್ವಯಂಸೇವಕರ ಪಟ್ಟಿಗೆ ನಾನೂ ಹೆಸರು ಕೊಟ್ಟಿದ್ದೇನೆ. ಹೋದ ಸಲ ಬ್ಯಾಚಿನ ವಾಟ್ಸ್ಆ್ಯಪ್ ಗ್ರೂಪಿಗೆ ಲಿಂಕ್ ಹಾಕಿದ್ದೆ. ಎಲ್ಲರೂ ನೋಡಿದರು, ಇಬ್ಬರು ಹೆಬ್ಬೆರಳು ಒತ್ತಿದರು, ಒಬ್ಬ 'ಫೀಸ್ ಕಟ್ಟಿದ್ದು ಸಾಲದಾ?' ಎಂದ. ಅಲ್ಲಿಗೆ ಮುಗಿಯಿತು. ಸ್ನೇಹ ಕೆಡದ ಹಾಗೆ ಕೇಳುವುದು ಹೇಗೆ? ಎಲ್ಲರಿಂದ ನಾನೇ ದುಡ್ಡು ಸೇರಿಸಿ ಒಟ್ಟಿಗೆ ಕಟ್ಟಬಹುದಾ? ಬೆಂಗಳೂರಿಗೆ ವಾಪಸ್ ಹೋದವರನ್ನೂ ಕೇಳಬಹುದಾ?

ಉತ್ತರ: ಗ್ರೂಪಿನ ಆ ಮೌನಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಗೆಳೆಯರು ಜಿಪುಣರು ಅಂತಲೂ ತಿಳಿಯಬೇಡಿ. ನಲವತ್ತು ಜನರಿಗೆ ಒಟ್ಟಿಗೆ ಹೇಳಿದ್ದು ಯಾರಿಗೂ ಹೇಳಿದಂತಲ್ಲ. ಪ್ರತಿಯೊಬ್ಬನೂ 'ಯಾರೋ ಕೊಡ್ತಾರೆ ಬಿಡು' ಅಂದುಕೊಂಡು ಮುಂದಿನ ಮೆಸೇಜಿಗೆ ಹೋಗುತ್ತಾನೆ. ಹಳೆ ವಿದ್ಯಾರ್ಥಿಗಳಿಂದ ದೇಣಿಗೆ ಕೂಡಿಸುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನಾಗಿ ನನ್ನ ಸಲಹೆ ಇಷ್ಟೇ. ಕಡಿಮೆ ಜನರನ್ನು ಕೇಳಿ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿ. ಇಂಥದ್ದಕ್ಕೆ, ಇಷ್ಟು ಅಂತ ಕೇಳಿ. 'ಇಲ್ಲ' ಅನ್ನುವುದನ್ನು ಅವರಿಗೆ ಸುಲಭ ಮಾಡಿಕೊಡಿ. ಕೊನೆಯದ್ದನ್ನೇ ಜಾಸ್ತಿ ಜನ ಮರೆಯುವುದು.

ಈ ಗಿವಿಂಗ್ ಡೇ ಅಂದರೆ ಏನು ಅಂತ ಉಳಿದ ಓದುಗರಿಗೂ ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದು ತೀರಾ ಹಳೆಯ ರೂಢಿ ಏನಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯ ತನ್ನ ಮೊದಲ ಗಿವಿಂಗ್ ಡೇ ನಡೆಸಿದ್ದು 2012ರ ಅಕ್ಟೋಬರ್‌ನಲ್ಲಿ. ಅದೇ ವರ್ಷ ನ್ಯೂಯಾರ್ಕಿನಲ್ಲಿ 'ಗಿವಿಂಗ್ ಟ್ಯೂಸ್‌ಡೇ' ಶುರುವಾಯಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನದಿಂದ ಎಲ್ಲರೂ ಅಂಗಡಿಗೆ ಮುಗಿಬೀಳುತ್ತಾರಲ್ಲ, ಆ ಗಲಾಟೆ ಮುಗಿದ ಮಂಗಳವಾರ ಒಂದಿಷ್ಟು ದಾನ ಮಾಡಿ ಎನ್ನುವ ಕರೆ ಅದು. ಪರ್ಡ್ಯೂ 2014ರಲ್ಲಿ ಶುರು ಮಾಡಿತು. ದಿನ ಒಂದೇ, 24 ಗಂಟೆ. ಒಂದೊಂದು ಕಾಲೇಜು, ವಿಭಾಗ, ವಿದ್ಯಾರ್ಥಿ ಸಂಘಕ್ಕೂ ಬೇರೆ ಬೇರೆ ಲೆಕ್ಕ. ಯಾರಿಗೆ ಎಷ್ಟು ಬಂತು ಅಂತ ತೋರಿಸುವ ಪಟ್ಟಿ ಗಂಟೆ ಗಂಟೆಗೂ ಬದಲಾಗುತ್ತಿರುತ್ತದೆ. ಅಂದಹಾಗೆ, ಪರ್ಡ್ಯೂ ಎಂಬ ಹೆಸರೇ ದೇಣಿಗೆಯಿಂದ ಬಂದದ್ದು. ಲಫಾಯೆಟ್ ಊರಿನ ವ್ಯಾಪಾರಿ ಜಾನ್ ಪರ್ಡ್ಯೂ 1869ರಲ್ಲಿ 1,50,000 ಡಾಲರ್ ಕೊಟ್ಟ. ಸಂಸ್ಥೆಗೆ ತನ್ನ ಹೆಸರಿಡಬೇಕು ಅಂತ ಷರತ್ತೂ ಹಾಕಿದ. ಗಿವಿಂಗ್ ಡೇಯಲ್ಲಿ 25 ಡಾಲರ್ ಕೊಟ್ಟವರು ಅಷ್ಟೆಲ್ಲ ಕೇಳುವ ಹಾಗಿಲ್ಲ ಬಿಡಿ.

ಆದರೆ ಆ 25 ಡಾಲರಿಗೂ ಈ ದಿನ ಒಂದು ಲೆಕ್ಕ ಉಂಟು. ಎಷ್ಟು ದುಡ್ಡು ಬಂತು ಅನ್ನುವುದರ ಜೊತೆಗೆ ಎಷ್ಟು ಜನ ಕೊಟ್ಟರು ಅನ್ನುವುದನ್ನೂ ಎಣಿಸುತ್ತಾರೆ. 'ಈ ಒಂದು ಗಂಟೆಯಲ್ಲಿ ಅತಿ ಹೆಚ್ಚು ಜನ ಕೊಟ್ಟ ವಿಭಾಗಕ್ಕೆ ಇಷ್ಟು ಬೋನಸ್' ಎನ್ನುವ ಥರದ ಪೈಪೋಟಿಗಳು ಇರುತ್ತವೆ. ಅಲ್ಲಿ 10 ಡಾಲರ್ ಕೊಟ್ಟವನೂ ಒಂದೇ ತಲೆ, 10,000 ಕೊಟ್ಟವನೂ ಒಂದೇ ತಲೆ. ನಿಮ್ಮಂಥ ಸ್ವಯಂಸೇವಕರಿಂದ ಅವರಿಗೆ ಬೇಕಾಗಿರುವುದು ಈ ತಲೆಗಳೇ. ದೊಡ್ಡ ಮೊತ್ತ ತರಲು ಅವರ ಬಳಿ ಸಂಬಳದ ಜನರಿದ್ದಾರೆ.

ಗೆಳೆಯರನ್ನು ಕರೆಯುವಾಗ ಕೆಲವರು ಇನ್ನೂ ಒಂದು ಹಳೆಯ ಮಾತು ಹೇಳುತ್ತಾರೆ. 'ನಾವು ಕೊಟ್ಟರೆ ನಮ್ಮ ಯೂನಿವರ್ಸಿಟಿ ರ್‍ಯಾಂಕ್ ಮೇಲೇರುತ್ತೆ, ನಮ್ಮ ಡಿಗ್ರಿಗೇ ಬೆಲೆ ಜಾಸ್ತಿ ಆಗುತ್ತೆ' ಅಂತ. ಒಂದು ಕಾಲಕ್ಕೆ ಅದರಲ್ಲಿ ಸ್ವಲ್ಪ ನಿಜ ಇತ್ತು. ವಿಶ್ವವಿದ್ಯಾಲಯಗಳಿಗೆ ರ್‍ಯಾಂಕ್ ಕೊಡುವ 'ಯುಎಸ್ ನ್ಯೂಸ್' ಪಟ್ಟಿಯಲ್ಲಿ ಎಷ್ಟು ಶೇಕಡಾ ಹಳೆ ವಿದ್ಯಾರ್ಥಿಗಳು ದೇಣಿಗೆ ಕೊಡುತ್ತಾರೆ ಅನ್ನುವುದಕ್ಕೂ ಅಂಕ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಪಟ್ಟಿಯಿಂದ ಅದನ್ನು ಕೈಬಿಟ್ಟಿದ್ದಾರೆ. ಆದ್ದರಿಂದ ಈ ವಾದವನ್ನು ನೀವೂ ಕೈಬಿಡಿ. ನಿಮ್ಮ ಬ್ಯಾಚಿನಲ್ಲಿ ಇಂಥದ್ದನ್ನು ಗೂಗಲ್ ಮಾಡಿ ನೋಡುವ ಒಬ್ಬನಾದರೂ ಇದ್ದೇ ಇರುತ್ತಾನೆ.

ಈಗ ಕೇಳುವ ವಿಷಯಕ್ಕೆ ಬರೋಣ. ಯೂನಿವರ್ಸಿಟಿ ಕಳಿಸುವ ಚಂದದ ಇಮೇಲಿಗಿಂತ ಹಳೆಯ ಗೆಳೆಯ ಕೇಳಿದ ಒಂದು ಮಾತಿಗೆ ಬೆಲೆ ಜಾಸ್ತಿ. ಇದು ಬರೀ ಅನಿಸಿಕೆ ಅಲ್ಲ. ಜೊನಾಥನ್ ಮೀರ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ಒಂದು ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳ ದೇಣಿಗೆ ಲೆಕ್ಕಗಳನ್ನು ಕೆದಕಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ವರ್ಷ ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನಲ್ಲಿದ್ದವನೇ ಮುಂದೆ ಸ್ವಯಂಸೇವಕನಾಗಿ ಬಂದು ಕೇಳಿದರೆ, ಕೊಡುವ ಸಾಧ್ಯತೆಯೂ ಹೆಚ್ಚಿತ್ತು, ಕೊಟ್ಟ ಮೊತ್ತವೂ ಹೆಚ್ಚಿತ್ತು.

ಇದನ್ನು ಓದಿ ಖುಷಿಪಡುವ ಮುಂಚೆ ಇನ್ನೊಂದು ಅಧ್ಯಯನವನ್ನೂ ನೋಡಿ. ಅದು ನಡೆದದ್ದು ನಿಮ್ಮ ಶಿಕಾಗೋದ ಸುತ್ತಲಿನ ಊರುಗಳಲ್ಲೇ. ಡೆಲ್ಲಾವಿನ್ಯಾ, ಲಿಸ್ಟ್, ಮಾಲ್ಮೆಂಡಿಯರ್ ಎಂಬ ಮೂವರು ಮನೆ ಮನೆಗೆ ಜನರನ್ನು ಕಳಿಸಿ ದೇಣಿಗೆ ಕೇಳಿಸಿದರು. ಕೆಲವು ಮನೆಗಳ ಬಾಗಿಲಿಗೆ ಹಿಂದಿನ ದಿನವೇ 'ನಾಳೆ ಇಷ್ಟು ಹೊತ್ತಿಗೆ ಬರುತ್ತೇವೆ' ಅಂತ ಚೀಟಿ ಸಿಕ್ಕಿಸಿದರು. ಚೀಟಿ ಕಂಡ ಮನೆಗಳಲ್ಲಿ ಬಾಗಿಲು ತೆರೆಯುವವರ ಸಂಖ್ಯೆ 9ರಿಂದ 25 ಶೇಕಡಾ ಇಳಿಯಿತು. ಚೀಟಿಯಲ್ಲೇ 'ದಯವಿಟ್ಟು ಬರಬೇಡಿ' ಎಂದು ಗುರುತು ಹಾಕಲು ಒಂದು ಚೌಕ ಇಟ್ಟಾಗ ದೇಣಿಗೆ ಕೊಡುವವರು 28ರಿಂದ 42 ಶೇಕಡಾ ಕಡಿಮೆಯಾದರು. ಕಡಿಮೆಯಾದದ್ದು ಮುಖ್ಯವಾಗಿ 10 ಡಾಲರಿಗಿಂತ ಚಿಕ್ಕ ದೇಣಿಗೆಗಳು. ಅಂದರೆ ಆ ಚಿಲ್ಲರೆಯಲ್ಲಿ ಒಂದು ದೊಡ್ಡ ಪಾಲು ಬರುತ್ತಿದ್ದುದು ಬರೀ ದಾಕ್ಷಿಣ್ಯಕ್ಕೆ.

ಎರಡನ್ನೂ ಜೊತೆಗಿಟ್ಟು ನೋಡಿ. ಗೆಳೆಯ ಕೇಳಿದರೆ ಜನ ಕೊಡುತ್ತಾರೆ, ಆದರೆ ಅದರಲ್ಲಿ ಒಂದು ಪಾಲು ಮುಲಾಜಿನದು. ಅಪರಿಚಿತನೊಬ್ಬ ಬಾಗಿಲು ಬಡಿದು ಮುಲಾಜಿಗೆ ಹತ್ತು ಡಾಲರ್ ಪಡೆದರೆ ಅವನ ಗಂಟೇನೂ ಹೋಗುವುದಿಲ್ಲ. ನಾಳೆ ಅವನ ಮುಖ ಯಾರೂ ನೋಡಬೇಕಿಲ್ಲ. ನೀವು ಹಾಗಲ್ಲ. ಈ ಜನರ ಮದುವೆಗೆ ಹೋಗಬೇಕು, ಕೆಲಸ ಹೋದಾಗ ಇವರಿಗೇ ಫೋನ್ ಮಾಡಬೇಕು. ಹಾಗಾಗಿ ದಾಕ್ಷಿಣ್ಯದ ದುಡ್ಡು ನಿಮಗೆ ತುಟ್ಟಿ. 'ಬೇಡ' ಅನ್ನುವ ಆ ಚೌಕವನ್ನು ನೀವಾಗಿಯೇ ಮೆಸೇಜಿನಲ್ಲಿ ಇಟ್ಟುಬಿಡಿ. ಸಂಖ್ಯೆ ಸ್ವಲ್ಪ ಇಳಿಯುತ್ತದೆ, ಇಳಿಯಲಿ.

ಯಾರನ್ನು ಕೇಳಬೇಕು? ಬ್ಯಾಚಿನ ಪಟ್ಟಿ ಮುಂದಿಟ್ಟುಕೊಂಡು ಮೊದಲು ಬೇಡದವರನ್ನು ಬಿಡಿ. ಎಜುಕೇಶನ್ ಲೋನ್ ಇನ್ನೂ ತೀರಿಸುತ್ತಿರುವವರನ್ನು ಬಿಡಿ. ಮನೆ ಅಡವಿಟ್ಟು ಸಾಲ ತೆಗೆದು ಬಂದವರು ಯಾರು ಅಂತ ನಿಮಗೆ ಗೊತ್ತೇ ಇರುತ್ತದೆ. ಎಚ್-1ಬಿ ವೀಸಾದಲ್ಲಿದ್ದು ಕೆಲಸ ಕಳೆದುಕೊಂಡವರಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಆ ಆತಂಕದಲ್ಲಿರುವವನಿಗೆ ನಿಮ್ಮ ಗಿವಿಂಗ್ ಡೇ ಮೆಸೇಜ್ ಹೋದರೆ ಅವನು ಅದನ್ನು ಮರೆಯುವುದಿಲ್ಲ. ಕಳಿಸುವ ಮುಂಚೆ ಅವರ ಲಿಂಕ್ಡ್‌ಇನ್ ಪುಟ ಒಮ್ಮೆ ನೋಡಿ. ಫೋಟೋ ಸುತ್ತ 'ಓಪನ್ ಟು ವರ್ಕ್' ಎಂಬ ಹಸಿರು ಪಟ್ಟಿ ಇದ್ದರೆ ದೇಣಿಗೆ ಮಾತು ಬಿಟ್ಟು 'ಹೇಗಿದ್ದೀಯಾ, ರೆಫರಲ್ ಬೇಕಾ?' ಅಂತ ಕೇಳಿ. ಅರ್ಧ ನಿಮಿಷದ ಕೆಲಸ ಇದು.

ಉಳಿದವರಲ್ಲಿ, ಕಳೆದ ಒಂದು ವರ್ಷದಲ್ಲಿ ನೀವು ಬೇರೆ ಯಾವುದಕ್ಕಾದರೂ ಮಾತಾಡಿಸಿದವರನ್ನು ಮಾತ್ರ ಆರಿಸಿ. ಐದು ವರ್ಷ ಸುದ್ದಿ ಇಲ್ಲದೆ ಇದ್ದು ಏಕಾಏಕಿ 'ಹಾಯ್ ಮಗಾ' ಅಂದರೆ ಎದುರಿನವನಿಗೆ ಇನ್ಶೂರೆನ್ಸ್ ಏಜೆಂಟ್ ಬಂದ ಹಾಗೆ ಗಾಬರಿಯಾಗುತ್ತದೆ. ಹೀಗೆ ಸೋಸಿದ ಮೇಲೆ ಎಂಟು ಹತ್ತು ಹೆಸರು ಉಳಿದರೆ ಬೇಕಾದಷ್ಟಾಯಿತು.

ಕೇಳುವ ಮುಂಚೆ ಆ ದಿನ ನೀವು ಎಷ್ಟು ಕೊಡುತ್ತೀರಿ ಅಂತ ಗಟ್ಟಿ ಮಾಡಿಕೊಂಡಿರಬೇಕು. ಇದರಲ್ಲಿ ಚೌಕಾಸಿ ಇಲ್ಲ. 'ನಾನು ಹಾಕ್ತಿದ್ದೀನಿ, ನೀನೂ ಹಾಕ್ತೀಯಾ' ಅನ್ನುವುದಕ್ಕೂ 'ನೀನು ಹಾಕು' ಅನ್ನುವುದಕ್ಕೂ ಅಜಗಜಾಂತರ. ಎಷ್ಟು ಕೊಡುತ್ತೇನೆ ಎಂದು ಹೇಳಬೇಕಾ? ಗೆಳೆಯನಿಗೆ ಹೇಳಬಹುದು ಅಂತ ನನ್ನ ಅಭಿಪ್ರಾಯ, ಮೊತ್ತ ಸಾಧಾರಣವಾಗಿದ್ದರೆ. ನೀವು 500 ಕೊಡುವುದಾದರೆ ಸುಮ್ನೆ ಇರಿ, ಎದುರಿನವನು 25 ಕೊಡಲು ನಾಚಿಕೊಳ್ಳುತ್ತಾನೆ.

ಹಾಗೇ 'ಯೂನಿವರ್ಸಿಟಿಗೆ ಕೊಡು' ಅನ್ನಬೇಡಿ. ಯೂನಿವರ್ಸಿಟಿ ಅನ್ನುವುದು ಯಾರ ಮನಸ್ಸಿಗೂ ಹತ್ತಿರದ ಸಂಗತಿ ಅಲ್ಲ. ನೀವಿಬ್ಬರೂ ಉಪಯೋಗಿಸಿದ, ನೋಡಿದ ಒಂದು ಜಾಗ ಆರಿಸಿ. ವಿಭಾಗದ ಸ್ಕಾಲರ್‌ಶಿಪ್ ಇರಬಹುದು, ನೀವಿದ್ದ ಸಂಘ ಇರಬಹುದು, ಕಷ್ಟದಲ್ಲಿರುವ ವಿದ್ಯಾರ್ಥಿಗೆ ತುರ್ತು ನೆರವು ಕೊಡುವ ನಿಧಿ ಇರಬಹುದು. ಪರ್ಡ್ಯೂನಲ್ಲಿ ಏಸ್ ಕ್ಯಾಂಪಸ್ ಫುಡ್ ಪ್ಯಾಂಟ್ರಿ ಇದೆ, ವಿದ್ಯಾರ್ಥಿಗಳಿಗೆ ದಿನಸಿ ಉಚಿತವಾಗಿ ಕೊಡುವ ಜಾಗ. ಭಾರತದಿಂದ ಬಂದು ಮೊದಲ ತಿಂಗಳು ಪ್ರತಿ ಡಾಲರನ್ನೂ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ಬ್ರೆಡ್ಡು ವಾಪಸ್ ಇಟ್ಟವರಿಗೆ ಇದು ಏನು ಅಂತ ವಿವರಿಸಬೇಕಾಗಿಲ್ಲ. ಫಾರ್ಮಿನಲ್ಲಿ ನಿಧಿ ಆರಿಸುವ ಕಡೆ ಅದೇ ಹೆಸರು ಆರಿಸಿದರೆ ದುಡ್ಡು ಅದಕ್ಕೇ ಹೋಗುತ್ತದೆ. ಏನೂ ಆರಿಸದೆ ಬಿಟ್ಟರೆ ಸಾಮಾನ್ಯ ನಿಧಿಗೆ ಹೋಗಬಹುದು.

ಮೆಸೇಜ್ ಹೇಗಿರಬೇಕು? ಇದನ್ನು ನೋಡಿ:

'ಆತ್ಮೀಯ ಗೆಳೆಯರೇ, ನಾಡಿದ್ದು ಡೇ ಆಫ್ ಗಿವಿಂಗ್. ನಮ್ಮನ್ನು ಬೆಳೆಸಿದ ಸಂಸ್ಥೆಗೆ ಋಣ ತೀರಿಸುವ ಸದವಕಾಶ. ಎಲ್ಲರೂ ಉದಾರವಾಗಿ ಕೊಡಿ, ಎಲ್ಲರಿಗೂ ಶೇರ್ ಮಾಡಿ.'

ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಹೆಬ್ಬೆರಳು ಕೊಡುತ್ತಾರೆ. ಇದೇ ಮಾತು ಒಬ್ಬನಿಗೆ ಹೀಗೆ ಹೋದರೆ:

'ಮಗಾ, ಎರಡನೇ ಸೆಮ್‌ನಲ್ಲಿ ನಿನ್ನ ಲ್ಯಾಪ್‌ಟಾಪ್ ಕೈಕೊಟ್ಟಾಗ ಡಿಪಾರ್ಟ್‌ಮೆಂಟ್‌ನವರು ಒಂದು ಕೊಟ್ಟಿದ್ರಲ್ಲ, ಪ್ರಾಜೆಕ್ಟ್ ಮುಗಿಸಿದ್ದು ಅದರಲ್ಲೇ. ಬುಧವಾರ ಡೇ ಆಫ್ ಗಿವಿಂಗ್. ನಮ್ಮ ಡಿಪಾರ್ಟ್‌ಮೆಂಟ್ ಹುಡುಗರ ತುರ್ತು ನಿಧಿಗೆ ನಾನು 30 ಡಾಲರ್ ಹಾಕ್ತಿದ್ದೀನಿ. ನೀನೂ 20-30 ಹಾಕ್ತೀಯಾ? ಈ ಸಲ ಆಗಲ್ಲ ಅಂದ್ರೆ "ಬೇಡ" ಅಂತ ಒಂದು ಮಾತು ಹಾಕು ಸಾಕು, ಕಾರಣ ಕೇಳಲ್ಲ.'

ಇದರಲ್ಲಿ ನೆನಪು ಅವನದೇ, ಮೊತ್ತ ಸಣ್ಣದು, ದಿನ ಗೊತ್ತಾಗಿದೆ, ತಪ್ಪಿಸಿಕೊಳ್ಳುವ ದಾರಿಯೂ ಇದೆ. ಲಿಂಕ್ ಇಲ್ಲ ಅನ್ನುವುದನ್ನು ಗಮನಿಸಿದಿರಾ? ಬೇಕಂತಲೇ ಬಿಟ್ಟಿದ್ದು. ಅವನು 'ಹ್ಞೂಂ, ಕಳಿಸು' ಅಂದ ಮೇಲೆ ಲಿಂಕ್ ಕಳಿಸಿ. ಮೊದಲೇ ಲಿಂಕ್ ಬಂದರೆ ಫಾರ್ವರ್ಡ್ ಮೆಸೇಜಿನ ವಾಸನೆ ಬರುತ್ತದೆ. ಜೊತೆಗೆ, ಕಳಿಸು ಎಂದು ಬಾಯಿಬಿಟ್ಟು ಹೇಳಿದವನು ಸಾಮಾನ್ಯವಾಗಿ ಕಟ್ಟುತ್ತಾನೆ.

'ಫೀಸ್ ಕಟ್ಟಿದ್ದು ಸಾಲದಾ' ಅಂದ ಗೆಳೆಯನ ವಿಷಯ. ಅವನ ಮಾತು ನ್ಯಾಯವಾದದ್ದೇ. ಪರ್ಡ್ಯೂನಲ್ಲಿ ಹೊರಗಿನಿಂದ ಬಂದವನು ಕಟ್ಟುವ ಟ್ಯೂಷನ್ ಇಂಡಿಯಾನಾ ರಾಜ್ಯದವನು ಕಟ್ಟುವುದರ ಸುಮಾರು ಮೂರು ಪಟ್ಟು. ರಾಜ್ಯದ ತೆರಿಗೆ ದುಡ್ಡಿನಿಂದ ಸಿಗುವ ರಿಯಾಯಿತಿ ನಮಗೆ ಇರಲಿಲ್ಲ. 'ನೀನು ಕಟ್ಟಿದ ಫೀಸಿನಿಂದ ಖರ್ಚು ಪೂರ್ತಿ ಆಗಲ್ಲ ಗೊತ್ತಾ' ಅಂತ ಯೂನಿವರ್ಸಿಟಿಯ ದೇಣಿಗೆ ಕಚೇರಿಯವರು ಹೇಳಿಕೊಡುವ ಉತ್ತರ ಒಂದಿದೆ. ಇಂಡಿಯಾನಾದ ಹುಡುಗರಿಗೆ ಅದು ಸರಿ ಇರಬಹುದು. ಪೂರ್ತಿ ಫೀಸು ಕಟ್ಟಿದ ಎಂಎಸ್ ವಿದ್ಯಾರ್ಥಿಗೆ ಹೇಳಿದರೆ ನಗುತ್ತಾನೆ. ಪರ್ಡ್ಯೂ 2013ರಿಂದ ಹತ್ತಕ್ಕೂ ಹೆಚ್ಚು ವರ್ಷ ಟ್ಯೂಷನ್ ಏರಿಸದೆ ಹಿಡಿದಿಟ್ಟುಕೊಂಡಿತ್ತು ಅನ್ನುವುದು ನಿಜ. ಬೇಕಾದರೆ ಅದನ್ನು ಹೇಳಿ, ವಾದಕ್ಕೆ ಮಾತ್ರ ಇಳಿಯಬೇಡಿ. 'ನಿಜ ಕಣೋ, ನಾವು ಕಟ್ಟಿದ್ದು ಕಮ್ಮಿ ಏನಲ್ಲ. ನಾನು ಯೂನಿವರ್ಸಿಟಿಗೆ ಅಂತ ಕೊಡ್ತಿಲ್ಲ, ಪ್ಯಾಂಟ್ರಿಗೆ ಕೊಡ್ತಿದ್ದೀನಿ' ಅಂದು ಬಿಟ್ಟುಬಿಡಿ. ಕೊಟ್ಟರೆ ಕೊಡಲಿ.

ಇನ್ನೊಂದು ಆಕ್ಷೇಪ ಬರುತ್ತದೆ: 'ಅವರ ಹತ್ರ ಶತಕೋಟಿಗಟ್ಟಲೆ ಡಾಲರ್ ಎಂಡೋಮೆಂಟ್ ಇದೆ, ನನ್ನ ಇಪ್ಪತ್ತು ಯಾಕೆ?' ಎಂಡೋಮೆಂಟ್ ಅಂದರೆ ಅಸಲು ಮುಟ್ಟದೆ ಇಟ್ಟ ಇಡಗಂಟು. ಅಮೆರಿಕದ ವಿಶ್ವವಿದ್ಯಾಲಯಗಳು ವರ್ಷಕ್ಕೆ ಅದರಲ್ಲಿ ಸಾಮಾನ್ಯವಾಗಿ 4ರಿಂದ 5 ಶೇಕಡಾ ಮಾತ್ರ ಖರ್ಚು ಮಾಡುತ್ತವೆ. ಅದರಲ್ಲೂ ಹೆಚ್ಚಿನದು ಕೊಟ್ಟವರು ಹೇಳಿದ ಕೆಲಸಕ್ಕೇ ಕಟ್ಟಿಹಾಕಿದ್ದು. ಯಾರೋ ಪಶುವೈದ್ಯ ವಿಭಾಗಕ್ಕೆ ಕೊಟ್ಟ ದುಡ್ಡಲ್ಲಿ ನಿಮ್ಮ ಡಿಪಾರ್ಟ್‌ಮೆಂಟಿನ ಹುಡುಗನ ಬಾಡಿಗೆ ಕಟ್ಟಲು ಬರುವುದಿಲ್ಲ. ವಿವರಣೆ ಇಷ್ಟೇ. ಒಪ್ಪದಿದ್ದರೆ ಅವನ ಇಷ್ಟ.

ಮ್ಯಾಚಿಂಗ್ ಬಗ್ಗೆ ಜನರಿಗೆ ಅರ್ಧ ಗೊತ್ತಿರುತ್ತದೆ, ಅರ್ಧ ಗೊತ್ತಿರುವುದಿಲ್ಲ. ಇದರಲ್ಲಿ ಎರಡು ಬಗೆ. ಒಂದು, ಆ ದಿನ ಯಾರೋ ದೊಡ್ಡ ದಾನಿ 'ನೀವು ಕೊಟ್ಟಷ್ಟು ನಾನೂ ಹಾಕುತ್ತೇನೆ' ಅನ್ನುವುದು. ಇದನ್ನು ಹೇಳಿದರೆ ಜನ ಕೊಡುವುದು ಹೆಚ್ಚುತ್ತದೆ. ಕಾರ್ಲಾನ್ ಮತ್ತು ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರೀ ಮ್ಯಾಚ್ ಇದೆ ಎಂದು ಹೇಳಿದ್ದಕ್ಕೆ ಕೊಡುವವರು 22 ಶೇಕಡಾ ಹೆಚ್ಚಿದರು. ಆದರೆ ಒಂದಕ್ಕೆ ಒಂದರ ಬದಲು ಒಂದಕ್ಕೆ ಎರಡು, ಒಂದಕ್ಕೆ ಮೂರು ಅಂತ ಆಸೆ ತೋರಿಸಿದರೂ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಹಾಗಾಗಿ 'ಮೂರು ಪಟ್ಟು!' ಅಂತ ಕೂಗಬೇಕಿಲ್ಲ. ಒಂದು ಎಚ್ಚರಿಕೆ: ಕೆಲವು ಕಡೆ ಆ ದೊಡ್ಡ ದಾನಿ ನಿಮ್ಮವರು ಕೊಡಲಿ ಬಿಡಲಿ ಹೇಗೂ ದುಡ್ಡು ಕೊಡುವವನೇ ಆಗಿರುತ್ತಾನೆ. ಕಚೇರಿಯವರನ್ನು ನೇರವಾಗಿ ಕೇಳಿ, 'ನಾವು ಕೊಡದಿದ್ದರೆ ಆ ದುಡ್ಡು ಬರುವುದಿಲ್ಲವಾ?' ಅಂತ. ಉತ್ತರ ತಡವರಿಸಿದರೆ ನಿಮ್ಮ ಮೆಸೇಜಿನಲ್ಲಿ ಮ್ಯಾಚ್ ವಿಷಯ ಹಾಕಬೇಡಿ. ಗೆಳೆಯರ ಹತ್ತಿರ ಸೇಲ್ಸ್ ಮಾತು ಬೇಡ.

ಇನ್ನೊಂದು ಬಗೆ ನಿಮ್ಮ ಬ್ಯಾಚಿಗೆ ನಿಜಕ್ಕೂ ಉಪಯೋಗದ್ದು: ಕೆಲಸ ಮಾಡುವ ಕಂಪನಿ ಕೊಡುವ ಮ್ಯಾಚ್. ಮೈಕ್ರೋಸಾಫ್ಟ್, ಗೂಗಲ್, ಆ್ಯಪಲ್ ಮುಂತಾದ ಕಂಪನಿಗಳು ನೌಕರರು ಕೊಟ್ಟಷ್ಟನ್ನೇ ತಾವೂ ಕೊಡುತ್ತವೆ, ವರ್ಷಕ್ಕೊಂದು ಮಿತಿಯೊಳಗೆ. ಗೆಳೆಯ 30 ಹಾಕಿದರೆ ಪ್ಯಾಂಟ್ರಿಗೆ 60 ಸೇರುತ್ತದೆ. ಎಷ್ಟೋ ಜನ ಇದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಕಂಪನಿಯ ಪೋರ್ಟಲ್ ಮೂಲಕವೇ ದೇಣಿಗೆ ಕೊಟ್ಟರೆ ಆ ದುಡ್ಡು ಯೂನಿವರ್ಸಿಟಿಗೆ ತಲುಪುವುದು ವಾರಗಳ ನಂತರ. ಆ ದಿನದ ಎಣಿಕೆಗೆ ಸಿಗದೆ ಹೋಗಬಹುದು. ಆದ್ದರಿಂದ ಅವತ್ತು ಯೂನಿವರ್ಸಿಟಿಯ ಪುಟದಲ್ಲೇ ಕಾರ್ಡಿನಿಂದ ಕಟ್ಟಿ, ಇಮೇಲಿಗೆ ಬಂದ ರಸೀದಿಯನ್ನು ಆಮೇಲೆ ಬೆನೆವಿಟಿ ಅಥವಾ ನಿಮ್ಮ ಕಂಪನಿಯಲ್ಲಿರುವ ಅಂಥದೇ ಪೋರ್ಟಲ್ಲಿಗೆ ಹಾಕುವುದು ಒಳ್ಳೆಯದು.

ನೀವೇ ಎಲ್ಲರಿಂದ ಜ಼ೆಲ್‌ನಲ್ಲೋ ವೆನ್ಮೋದಲ್ಲೋ (ಇವು ಅಮೆರಿಕದಲ್ಲಿ ಫೋನಿನಿಂದ ದುಡ್ಡು ಕಳಿಸುವ ದಾರಿಗಳು) ದುಡ್ಡು ಸೇರಿಸಿ ಕಟ್ಟಬಹುದಾ ಅಂದಿರಿ. ಬೇಡವೇ ಬೇಡ. ಹತ್ತು ಜನರ ದುಡ್ಡು ನಿಮ್ಮ ಕಾರ್ಡಿನಿಂದ ಹೋದರೆ ದಾನಿ ಒಬ್ಬನೇ ಅಂತ ಲೆಕ್ಕ. ತಲೆ ಎಣಿಸುವ ದಿನ ಒಂಬತ್ತು ತಲೆ ಹೋಯಿತು. ರಸೀದಿ ನಿಮ್ಮ ಹೆಸರಿಗೆ ಬರುತ್ತದೆ, ಉಳಿದವರಿಗೆ ಕಂಪನಿ ಮ್ಯಾಚೂ ಇಲ್ಲ, ತೆರಿಗೆ ಲಾಭವೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಗೆಳೆಯರ ದುಡ್ಡಿನ ಲೆಕ್ಕ ಇಟ್ಟುಕೊಳ್ಳುವ ತಲೆನೋವು ಯಾಕೆ? ಪ್ರತಿಯೊಬ್ಬರೂ ಅಧಿಕೃತ ಪುಟದಲ್ಲೇ ಕಟ್ಟಲಿ. ನೀವು ಕಳಿಸುವ ಲಿಂಕನ್ನು ಗ್ರೂಪಿನಿಂದ ನಕಲು ಮಾಡಬೇಡಿ, ಕಚೇರಿಯಿಂದ ಬಂದ ಇಮೇಲಿನಿಂದಲೇ ತೆಗೆದುಕೊಳ್ಳಿ. ಕಟ್ಟುವಾಗ 'ಪ್ರತಿ ತಿಂಗಳು' ಎಂಬ ಕಡೆ ಗುರುತು ಬಿದ್ದಿದೆಯಾ ನೋಡಲು ಹೇಳಿ. ಹೆಸರು ಕಾಣಬಾರದು ಅನ್ನುವವರು ಅನಾಮಧೇಯ ಅಂತ ಆರಿಸಿಕೊಳ್ಳಲಿ.

ತೆರಿಗೆ ವಿಷಯ ಚಿಕ್ಕದಾಗಿ. ಅಮೆರಿಕದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವವರಿಗೆ, ಅಂದರೆ ಖರ್ಚನ್ನು ಒಂದೊಂದಾಗಿ ತೋರಿಸದೆ ಗೊತ್ತುಮಾಡಿದ ಒಂದೇ ಮೊತ್ತವನ್ನು ಆದಾಯದಿಂದ ಕಳೆಯುವವರಿಗೆ, ಇಂಥ ದೇಣಿಗೆಯಿಂದ ಇತ್ತೀಚಿನ ವರ್ಷಗಳಲ್ಲಿ ಏನೂ ಸಿಗುತ್ತಿರಲಿಲ್ಲ. 2025ರಲ್ಲಿ ಬಂದ ಹೊಸ ಕಾನೂನಿನಿಂದ 2026ರ ಲೆಕ್ಕಕ್ಕೆ ಅದು ಬದಲಾಗಿದೆ. ಒಬ್ಬರೇ ರಿಟರ್ನ್ ಸಲ್ಲಿಸುವವರು 1,000 ಡಾಲರ್‌ವರೆಗೆ, ದಂಪತಿ ಜಂಟಿಯಾಗಿ ಸಲ್ಲಿಸಿದರೆ 2,000 ಡಾಲರ್‌ವರೆಗೆ ದೇಣಿಗೆಯನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಕಾರ್ಡು, ಚೆಕ್ಕಿನಿಂದ ಕೊಟ್ಟದ್ದೂ ನಗದು ದೇಣಿಗೆ ಅಂತಲೇ ಲೆಕ್ಕ. 22 ಶೇಕಡಾ ಸ್ಲ್ಯಾಬಿನಲ್ಲಿದ್ದವನು 25 ಡಾಲರ್ ಕೊಟ್ಟರೆ ಐದೂವರೆ ಡಾಲರ್ ಉಳಿಯುತ್ತದೆ. ಇದಕ್ಕಾಗಿ ಯಾರೂ ಕೊಡುವುದಿಲ್ಲ, ಹಾಗಾಗಿ ಮೆಸೇಜಿನಲ್ಲಿ ಹಾಕಬೇಡಿ. ಕೇಳಿದರೆ ಹೇಳಿ. 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರು ಸಂಸ್ಥೆಯ ಲಿಖಿತ ಪತ್ರ ಇಟ್ಟುಕೊಳ್ಳಲೇಬೇಕು.

ಬೆಂಗಳೂರಿಗೆ ವಾಪಸ್ ಹೋದವರನ್ನು ಕೇಳಬಹುದು, ಕೆಲವು ತೊಡಕು ಗೊತ್ತಿದ್ದುಕೊಂಡು. ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕೊಟ್ಟ ದುಡ್ಡಿಗೆ ಭಾರತದಲ್ಲಿ 80ಜಿ, ಅಂದರೆ ದೇಣಿಗೆಗೆ ಸಿಗುವ ತೆರಿಗೆ ವಿನಾಯಿತಿ, ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ಹೇಗೂ ಸಿಗುವುದಿಲ್ಲ. ದೊಡ್ಡ ಅಡ್ಡಿ ಬೇರೆ ಇದೆ. ಆರ್‌ಬಿಐ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡುಗಳು ಭಾರತದೊಳಗಿನ ಬಳಕೆಗೆ ಮಾತ್ರ ತೆರೆದುಕೊಂಡು ಬರುತ್ತವೆ. ಬ್ಯಾಂಕ್ ಆ್ಯಪಿನಲ್ಲಿ ಅಂತಾರಾಷ್ಟ್ರೀಯ ವಹಿವಾಟನ್ನು ನಾವಾಗಿಯೇ ಆನ್ ಮಾಡಬೇಕು. ಎಷ್ಟೋ ಜನ ಎರಡು ಸಲ ಪ್ರಯತ್ನಿಸಿ, ಕಾರ್ಡ್ ತಿರಸ್ಕಾರವಾಗಿ, 'ನಾಳೆ ನೋಡೋಣ' ಅಂತ ಬಿಟ್ಟುಬಿಡುತ್ತಾರೆ. ನಾಳೆಗೆ ಗಿವಿಂಗ್ ಡೇ ಮುಗಿದಿರುತ್ತದೆ. ಹಿಂದಿನ ದಿನವೇ ಆ ಸ್ವಿಚ್ ಆನ್ ಮಾಡಿ, ಮಿತಿ ಚಿಕ್ಕದಿಟ್ಟು, ಕಟ್ಟಿದ ಮೇಲೆ ಮತ್ತೆ ಆಫ್ ಮಾಡಲು ಹೇಳಿ.

ಗಂಟೆಯ ಲೆಕ್ಕವೂ ಬೇಕು. ಪರ್ಡ್ಯೂ ಇರುವ ವೆಸ್ಟ್ ಲಫಾಯೆಟ್‌ನಲ್ಲಿ ಈಸ್ಟರ್ನ್ ಸಮಯ. ನಡುರಾತ್ರಿಯಿಂದ ನಡುರಾತ್ರಿ ಅಂತಿದ್ದರೆ ನಿಮ್ಮ ಶಿಕಾಗೋದಲ್ಲಿ ರಾತ್ರಿ 11ಕ್ಕೇ ಮುಗಿಯುತ್ತದೆ, ಸಿಯಾಟಲ್‌ನಲ್ಲಿ 9ಕ್ಕೆ. ಬೆಂಗಳೂರಿನವರಿಗೆ ಬುಧವಾರ ಬೆಳಿಗ್ಗೆ 9:30ಕ್ಕೆ ಶುರುವಾಗಿ ಗುರುವಾರ ಬೆಳಿಗ್ಗೆ 9:30ರವರೆಗೆ ಇರುತ್ತದೆ. ಅಂದರೆ ಅಮೆರಿಕದವರು ಮಲಗಿರುವ ಹೊತ್ತಿನ ಪೈಪೋಟಿ ಗಂಟೆಗಳಲ್ಲಿ ಬೆಂಗಳೂರಿನ ಗೆಳೆಯರು ಮಧ್ಯಾಹ್ನದ ಊಟ ಮಾಡುತ್ತಿರುತ್ತಾರೆ. ರಾತ್ರಿ ಎರಡಕ್ಕೆ ಒಂದು ವಿಭಾಗ ಗೆಲ್ಲಲು ಬೇಕಾಗುವುದು ತೀರಾ ಕಡಿಮೆ ತಲೆಗಳು. ಅಂಥ ಗಂಟೆ ಇದೆಯಾ ಅಂತ ವೇಳಾಪಟ್ಟಿ ನೋಡಿ, ಅವರಿಗೆ ಆ ಹೊತ್ತನ್ನೇ ಹೇಳಿ.

ಬೆಂಗಳೂರಿನ ಒಬ್ಬಿಬ್ಬರು ಖಂಡಿತ ಹೇಳುತ್ತಾರೆ, 'ಅಲ್ಲಿಗೆ ಯಾಕೋ, ನಮ್ಮೂರ ಶಾಲೆಗೆ ಕೊಡೋಣ, ನಮ್ಮ ಬಿಇ ಕಾಲೇಜಿಗೆ ಕೊಡೋಣ' ಅಂತ. ಈ ಮಾತನ್ನು ಅಡ್ಡಿ ಅಂತ ನೋಡಬೇಡಿ. ಬ್ಯಾಚಿನ ಹೆಸರಲ್ಲಿ ಕೊಡುವುದು ನಮ್ಮಲ್ಲೂ ಚೆನ್ನಾಗಿಯೇ ಬೆಳೆದಿದೆ. ಐಐಟಿ ಬಾಂಬೆಯ 1998ರ ಬ್ಯಾಚಿನವರು ಬೆಳ್ಳಿಹಬ್ಬದ ಕೂಟದಲ್ಲಿ ಒಟ್ಟಾಗಿ 57 ಕೋಟಿ ರೂಪಾಯಿ ಕೊಡುವುದಾಗಿ ಹೇಳಿದರು. ಅದೇ ವರ್ಷ, 2023ರಲ್ಲಿ, ನಂದನ್ ನಿಲೇಕಣಿ ಒಬ್ಬರೇ ಅದೇ ಸಂಸ್ಥೆಗೆ 315 ಕೋಟಿ ಕೊಟ್ಟರು. ನಿಮ್ಮ ಬ್ಯಾಚಿಗೆ ಅಷ್ಟೆಲ್ಲ ಬೇಡ. ಆದರೆ ಊರ ಶಾಲೆಗೆ ಅಮೆರಿಕದಿಂದ ಕಳಿಸುವಾಗ ಎಫ್‌ಸಿಆರ್‌ಎ ಕಾಯ್ದೆ (ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಭಾರತದ ಕಾನೂನು) ನೆನಪಿರಲಿ. ಭಾರತದ ಪಾಸ್‌ಪೋರ್ಟ್ ಇರುವ ನೀವು ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವನು ಕಳಿಸಿದರೆ ಅದು ವಿದೇಶಿ ದೇಣಿಗೆ. ಆಗ ಆ ಶಾಲೆಯ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಇರಬೇಕು, ದುಡ್ಡು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಇಲ್ಲದಿದ್ದರೆ ತೊಂದರೆ ಆಗುವುದು ಪಾಪ ಆ ಶಾಲೆಗೆ.

ಮತ್ತೊಂದು, ಇದರಲ್ಲಿ ಕೊಡು-ಕೊಳ್ಳುವ ಲೆಕ್ಕ ಇದ್ದೇ ಇದೆ, ನಮ್ಮ ಮದುವೆ ಮನೆಯ ಮುಯ್ಯಿ ಪುಸ್ತಕದ ಹಾಗೆ. ಇವತ್ತು ನಿಮ್ಮ ಮಾತಿಗೆ 25 ಡಾಲರ್ ಹಾಕಿದವನು ನಾಳೆ ಮ್ಯಾರಥಾನ್ ಓಡುತ್ತಾ ಯಾವುದೋ ಆಸ್ಪತ್ರೆಗೆ ದುಡ್ಡು ಕೇಳುತ್ತಾನೆ. ಅವನು ಕೇಳಿದಾಗ ಕೊಡಲು ಮನಸ್ಸಿಲ್ಲದಿದ್ದರೆ ಅವನನ್ನು ಈಗ ಕೇಳಬೇಡಿ.

ಆ ದಿನ ಏನು ಮಾಡಬೇಕು ಅನ್ನುವುದು ಸುಲಭ. ಒಂದು ವಾರ ಮುಂಚೆ ಒಬ್ಬೊಬ್ಬರಿಗೆ ಕೇಳಿ. ಒಪ್ಪಿದವರಿಗೆ ಬುಧವಾರ ಬೆಳಿಗ್ಗೆ ಲಿಂಕ್. ಸಂಜೆಯವರೆಗೂ ಕಟ್ಟದವರಿಗೆ ಒಂದೇ ಒಂದು ನೆನಪು, 'ಇನ್ನು ಮೂರು ಗಂಟೆ ಇದೆ' ಅಂತ. ಮೊದಲ ಮೆಸೇಜಿಗೇ ಉತ್ತರ ಕೊಡದವರಿಗೆ ಎರಡನೆಯದು ಕಳಿಸಬೇಡಿ, ಉತ್ತರ ಕೊಡದಿರುವುದೂ ಒಂದು ಉತ್ತರವೇ. ಗ್ರೂಪಿನಲ್ಲಿ ಯಾರು ಕೊಟ್ಟರು ಅಂತ ಹೆಸರು ಓದಬೇಡಿ, ಯಾಕಂದರೆ ಓದದ ಹೆಸರುಗಳನ್ನೂ ಜನ ಎಣಿಸುತ್ತಾರೆ. 'ನಮ್ಮ ಬ್ಯಾಚಿನ ಆರು ಜನ ಸೇರಿ ಪ್ಯಾಂಟ್ರಿಗೆ 160 ಡಾಲರ್ ಹಾಕಿದೆವು' ಅಂದರೆ ಸಾಕು. ಮುಂದಿನ ವರ್ಷ ಒಬ್ಬಿಬ್ಬರು ತಾವಾಗಿಯೇ ಕೇಳಬಹುದು.

ಗುರುವಾರ ಕೊಟ್ಟವರಿಗೆಲ್ಲ ಬೇರೆ ಬೇರೆಯಾಗಿ ಥ್ಯಾಂಕ್ಸ್ ಹೇಳಿ, ಅದೇ ಮೆಸೇಜಿನಲ್ಲಿ 'ಕಂಪನಿ ಮ್ಯಾಚಿಗೆ ರಸೀದಿ ಹಾಕಿದೆಯಾ?' ಅಂತಲೂ ಕೇಳಿ. ಹಾಕುತ್ತೇನೆ ಅಂದವರ ಹೆಸರು ಬರೆದಿಟ್ಟುಕೊಂಡು ನವೆಂಬರಿನಲ್ಲಿ ಒಂದು ಸಲ ನೆನಪಿಸಿ. ಕೆಲವು ಕಂಪನಿಗಳಲ್ಲಿ ವರ್ಷ ಮುಗಿದರೆ ಆ ರಸೀದಿ ನಡೆಯುವುದಿಲ್ಲ.